ವಂಶ ತಿಳಿಯದ ಬೀಜಾಣುವಿಗೆ ಹೆಸರಿಡುವುದು

ಕಂದು ಕಲ್ಲಿದ್ದಲಿನ ಚೂರೊಂದನ್ನು ಪುಡಿ ಮಾಡಿ, ಸುಣ್ಣದ ಅಂಶವನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದಲೂ ಮರಳು, ಜೇಡಿಯ ಅಂಶವನ್ನು ಹೈಡ್ರೋಫ್ಲೋರಿಕ್ ಆಮ್ಲದಿಂದಲೂ ಕರಗಿಸಿ, ಉಳಿದುದನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಪರಾಗಕಣಗಳ ನಡುವೆ ಕಂದುಬಣ್ಣದ, ಗಟ್ಟಿ ಗೋಡೆಯ ಶಿಲೀಂಧ್ರ ಬೀಜಾಣುಗಳು ಕಾಣಸಿಗುತ್ತವೆ. ಗೋಡೆಯಲ್ಲಿರುವ ಕೈಟಿನ್ ಎಂಬ ಗಟ್ಟಿ ವಸ್ತು ಮತ್ತು ಗಾಢ ಬಣ್ಣದ ಮೆಲನಿನ್‌ಗಳು ಅವುಗಳ ಆಕಾರವನ್ನು ಕೋಟ್ಯಂತರ ವರ್ಷ ಕಾಪಾಡಿವೆ. ಆದರೆ ಅವುಗಳನ್ನು ಹೆತ್ತ ಬೂಷ್ಟೋ ಅಣಬೆಯೋ ಎಂದೋ ಕೊಳೆತುಹೋಗಿದೆ.

ತಾಯಿಯಿಲ್ಲ, ಡಿಎನ್‌ಎ ಇಲ್ಲ. ಉಳಿದಿರುವುದು ಆಕಾರ ಮಾತ್ರ. ಆದ್ದರಿಂದ ಬೀಜಾಣುವಿನಲ್ಲಿ ಎಷ್ಟು ಕೋಶಗಳಿವೆ, ಅಡ್ಡಗೋಡೆಗಳು ಹೇಗೆ ಹಾದುಹೋಗಿವೆ, ರಂಧ್ರಗಳು ಎಷ್ಟು ಎಂಬುದರ ಮೇಲೆ ವಿಂಗಡಣೆ ನಡೆಯುತ್ತದೆ. ಇಟಲಿಯ ಶಿಲೀಂಧ್ರತಜ್ಞ ಸಕ್ಕಾರ್ಡೊ 19ನೆಯ ಶತಮಾನದಲ್ಲಿ ಜೀವಂತ ಶಿಲೀಂಧ್ರಗಳಿಗೆ ಬಳಸಿದ ಕ್ರಮವೂ ಹೆಚ್ಚುಕಡಿಮೆ ಇದೇ. ಒಂದೇ ಕೋಶವಿದ್ದು ರಂಧ್ರವಿಲ್ಲದವು ಇನಪರ್ಟಿಸ್ಪೊರೈಟಿಸ್, ಒಂದು ರಂಧ್ರವಿದ್ದರೆ ಮೊನೊಪೊರಿಸ್ಪೊರೈಟಿಸ್. ಇವು ಕೊಲಂಬಿಯದಲ್ಲಿ ದುಡಿದ ವಾನ್ ಡರ್ ಹಾಮನ್ 1954ರಲ್ಲಿ ಇಟ್ಟ ಹೆಸರುಗಳು. ರಂಧ್ರವಿಲ್ಲದ ಎರಡು ಕೋಶಗಳವಕ್ಕೆ ಡೈಸೆಲ್ಲೆಸ್ಪೊರೈಟಿಸ್ ಎಂಬ ಹೆಸರನ್ನು 1968ರಲ್ಲಿ ಟೆಕ್ಸಾಸ್‌ನ ಲಿಗ್ನೈಟನ್ನು (ಕಂದು ಕಲ್ಲಿದ್ದಲನ್ನು) ಪರಿಶೀಲಿಸಿದ ಎಲ್ಸಿಕ್ ಕೊಟ್ಟರು.

ಕುಲ ಎಂದರೆ ಹತ್ತಿರದ ಪ್ರಭೇದಗಳ ಗುಂಪು; ಆದರೆ ಇಂಥ ಕುಲನಾಮಗಳು ರೂಪವನ್ನು ಹೇಳುತ್ತವೆಯೇ ಹೊರತು ರಕ್ತಸಂಬಂಧವನ್ನಲ್ಲ. ಗೋಧಿಯ ಕಾಂಡಕ್ಕೆ ತುಕ್ಕು ರೋಗ ತರುವ ಶಿಲೀಂಧ್ರವನ್ನೇ ನೋಡಿ. ಅದು ತನ್ನ ಜೀವನಚಕ್ರದಲ್ಲಿ ಐದು ಬಗೆಯ ಬೀಜಾಣುಗಳನ್ನು ಬಿಡುತ್ತದೆ. ಬೇಸಿಗೆಯ ಕೆಂಗಂದು ಬೀಜಾಣುವಿಗೆ ಒಂದೇ ಕೋಶ, ಕೊನೆಯಲ್ಲಿ ಬರುವ ಕಪ್ಪು ಬೀಜಾಣುವಿಗೆ ಎರಡು. ಇವೆರಡೂ ಬಿಡಿಬಿಡಿಯಾಗಿ ಕಲ್ಲಿನಲ್ಲಿ ಸಿಕ್ಕಿದರೆ ಒಂದೇ ಜೀವಿ ಎರಡು ಕುಲಗಳಿಗೆ ಸೇರಿಬಿಡುತ್ತದೆ. ಹಾಗೆಯೇ ಪರಸ್ಪರ ಸಂಬಂಧವೇ ಇಲ್ಲದ ಹತ್ತಾರು ಶಿಲೀಂಧ್ರಗಳ ಬೀಜಾಣುಗಳು ಇನಪರ್ಟಿಸ್ಪೊರೈಟಿಸ್ ಎಂಬ ಒಂದೇ ಹೆಸರಿನಡಿ ಕೂಡಿರಬಹುದು. ಹೀಗಿರುವಾಗ ಶಿಲೆಯೊಂದರಲ್ಲಿ ಸಿಕ್ಕ ಕುಲನಾಮಗಳನ್ನು ಎಣಿಸಿ, ಅಂದಿನ ಕಾಡಿನಲ್ಲಿ ಇಷ್ಟು ಬಗೆಯ ಶಿಲೀಂಧ್ರಗಳಿದ್ದವು ಎಂದು ತೀರ್ಮಾನಿಸುವುದು ನನ್ನ ದೃಷ್ಟಿಯಲ್ಲಿ ತಪ್ಪು.

ಕೆಲವೊಮ್ಮೆ ಸಂದೇಹ ಇನ್ನೂ ಆಳಕ್ಕೆ ಇಳಿಯುತ್ತದೆ. ಸುಮಾರು 25.2 ಕೋಟಿ ವರ್ಷಗಳ ಹಿಂದೆ ಬಹುಪಾಲು ಜೀವಿಗಳು ಅಳಿದ ಮಹಾವಿನಾಶದ ಶಿಲಾಸ್ತರಗಳಲ್ಲಿ ಸರಪಳಿಯಂತಹ ಕಣಗಳು ಹೇರಳವಾಗಿವೆ. 1979ರಲ್ಲಿ ಕಾರ್ಡೆಸಿಸ್ಟಿಯ, 1980ರಲ್ಲಿ ಟಿಂಪಾನಿಸಿಸ್ಟ ಎಂಬ ಹೆಸರುಗಳನ್ನು ಪಡೆದ ಇವು, ಮೊದಲು ಇಟ್ಟ ಹೆಸರಿಗೇ ಮನ್ನಣೆ ಎಂಬ ನಿಯಮದಂತೆ 1962ರ ರೆಡೂವಿಯಾಸ್ಪೊರೊನೈಟಿಸ್‌ನಲ್ಲಿ ವಿಲೀನವಾದವು. ಹೆಸರಿನ ತಕರಾರು ಹೀಗೆ ಮುಗಿದರೂ, ಸತ್ತ ಮರಗಳನ್ನು ತಿಂದು ಹಬ್ಬಿದ ಶಿಲೀಂಧ್ರ ಇದು ಎನ್ನುವವರಿಗೂ ಪಾಚಿ ಎನ್ನುವವರಿಗೂ ನಡುವಿನ ವಾದ ಮುಗಿದಿಲ್ಲ.

ಜೀವಂತ ಶಿಲೀಂಧ್ರದ ಬೇರೆ ಬೇರೆ ಹಂತಗಳಿಗೆ ಬೇರೆ ಬೇರೆ ಹೆಸರಿಡುವ ಪದ್ಧತಿಯನ್ನು ಅಂತರರಾಷ್ಟ್ರೀಯ ನಾಮಕರಣ ಸಂಹಿತೆ 2013ರ ಜನವರಿ 1ರಿಂದ ಕೈಬಿಟ್ಟಿತು. ಆದರೆ ಪಳೆಯುಳಿಕೆಗಳ ಮಟ್ಟಿಗೆ, ಜೀವಿಯ ಒಂದು ಭಾಗಕ್ಕೋ ಒಂದು ಹಂತಕ್ಕೋ ಪ್ರತ್ಯೇಕ ಹೆಸರಿಡುವ ಅವಕಾಶವನ್ನು ಅದು ಉಳಿಸಿಕೊಂಡಿದೆ. ಇದು ವಿವೇಕದ ನಿರ್ಧಾರ.

ಇತ್ತೀಚಿನ ಕಾಲದ ಕೆಸರಿನಲ್ಲಿ ಸಿಗುವ ಬೀಜಾಣುಗಳಿಗೆ ಆಮ್ಸ್ಟರ್‌ಡ್ಯಾಮಿನ ಬಾಸ್ ವಾನ್ ಗೀಲ್ ಬೇರೊಂದು ದಾರಿ ಹಿಡಿದರು: ಗುರುತು ಸಿಗದಿದ್ದರೆ ಹೆಸರು ಬೇಡ, ಚಿತ್ರ, ವಿವರಣೆಗಳ ಜೊತೆಗೆ ಒಂದು ಸಂಖ್ಯೆ ಸಾಕು. ಹೀಗೆ 207 ಎಂದು ದಾಖಲಾದದ್ದು ಗಿಡಗಳ ಬೇರಿನೊಡನೆ ಬಾಳುವ ಗ್ಲೋಮಸ್ ಬಗೆಯ ಶಿಲೀಂಧ್ರದ ಬೀಜಾಣು ಎಂದು ಗೊತ್ತಾಯಿತು. ಮಣ್ಣಿನೊಳಗೇ ಹುಟ್ಟುವ ಇದು ಕೆರೆಯ ತಳದ ಕೆಸರಿನಲ್ಲಿ ಹೆಚ್ಚಾಗಿ ಕಂಡರೆ, ಸುತ್ತಲಿನ ನೆಲದ ಮಣ್ಣು ಆ ಕಾಲದಲ್ಲಿ ಕೊಚ್ಚಿ ಬಂದಿತ್ತೆಂದು ಈಗ ಓದಿಕೊಳ್ಳಲಾಗುತ್ತದೆ.