ಕಯಾಕ್ ತಗೊಂಡು ಸಮುದ್ರಕ್ಕ ಇಳಿಯೋರಿಗೆ ಯಾವ ಬೀಕನ್ ಬೇಕು?

ಪ್ರಶ್ನೆ: ನಾವು ಬೆಳಗಾವಿಯವ್ರು, ನಾಲ್ಕೈದು ಮಂದಿ ಹಿಡಕಲ್ ಡ್ಯಾಮಿನ ಹಿನ್ನೀರಾಗ ಕಯಾಕ್ ಕಲ್ತೀವ್ರಿ. ಮಳಿಗಾಲ ಮುಗದ ಮ್ಯಾಲ ಕಾರವಾರ ಕಡೆ ಸಮುದ್ರಕ್ಕ ಇಳೀಬೇಕಂತ ಮಾಡೀವಿ. ಎಮರ್ಜೆನ್ಸಿಗೆ ಬೀಕನ್ ಇರಬೇಕಂತಾರ, ಆನ್‌ಲೈನ್ ನೋಡಿದ್ರ ಪಿಎಲ್‌ಬಿ, ಇಪಿಐಆರ್‌ಬಿ, ಇನ್‌ರೀಚ್ ಅಂತ ಹತ್ತು ನಮೂನಿ ಅದಾವ. ಯಾವ್ದು ತಗೋಬೇಕ್ರಿ?

ಉತ್ತರ: ಪಿಎಲ್‌ಬಿ (ಪರ್ಸನಲ್ ಲೊಕೇಟರ್ ಬೀಕನ್, ಅಂದ್ರ ಆಪತ್ತಿನ್ಯಾಗ ಸ್ಯಾಟಲೈಟಿಗೆ ಸಿಗ್ನಲ್ ಕಳಸೋ ಸಣ್ಣ ಡಿವೈಸ್) ತಗೋರಿ, ಅದನ್ನ ಲೈಫ್ ಜಾಕೆಟ್ಟಿಗೆ ಕಟ್ಕೋರಿ. ಇಷ್ಟ ಉತ್ತರ, ಆದ್ರ ಯಾಕ ಅನ್ನೋದು ಗೊತ್ತಿಲ್ಲಂದ್ರ ದುಡ್ಡು ಕೊಟ್ಟು ತಂದಿದ್ದು ಟೈಮಿಗೆ ಕೆಲಸಕ್ಕ ಬರಂಗಿಲ್ಲ.

ಇಪಿಐಆರ್‌ಬಿ ಅನ್ನೋದು ದೊಡ್ಡ ಬೋಟಿನ ಸಾಮಾನು. ಬೋಟಿನ ಹೆಸರಿಗೆ ರಿಜಿಸ್ಟರ್ ಆಗ್ತೈತಿ, ತಾನಾಗೇ ತೇಲ್ತೈತಿ, ಕಮ್ಮೀತ್ಕಮ್ಮಿ 48 ತಾಸು ಸಿಗ್ನಲ್ ಬಿಡ್ತೈತಿ. ಪಿಎಲ್‌ಬಿ ಮನಷ್ಯಾನ ಹೆಸರಿಗೆ, ಮುಷ್ಟಿಯೊಳಗ ಹಿಡೀತೈತಿ, 24 ತಾಸು. ತಾಸು ಕಮ್ಮಿ ಅಂತ ಇಪಿಐಆರ್‌ಬಿ ಕಡೆ ಹೋಗಬ್ಯಾಡ್ರಿ, ಯಾಕಂದ್ರ ಕಯಾಕ್ ಮಗುಚಿದ ಮ್ಯಾಲ ಗಾಳಿಗೆ ಅದು ಒಂದು ಕಡೆ ನೀವು ಒಂದು ಕಡೆ ಹೋಗ್ತೀರಿ, ಖಾಲಿ ಕಯಾಕ್ ಗಾಳಿಗೆ ಎಷ್ಟು ಜೋರು ಓಡ್ತೈತಿ ಅಂದ್ರ ಈಜಿ ಹಿಡಿಯೋದು ಆಗದ ಮಾತು, ಮೈಗೆ ಕಟ್ಕೊಳ್ಳಾಕ ಬರದ ದೊಡ್ಡ ಬೀಕನ್ ಅದರ ಹ್ಯಾಚ್‌ನಾಗ (ಸಾಮಾನಿಡೋ ಖಾನೆಯಾಗ) ಡ್ರೈ ಬ್ಯಾಗಿನೊಳಗ ಕುಂತಿದ್ರ ಏನು ಉಪಯೋಗ? ನಮ್ಮ ಕರಾವಳಿಯಾಗ ನಸುಕಿನ್ಯಾಗ ಗಾಳಿ ದಂಡಿಯಿಂದ ಸಮುದ್ರದ ಕಡೆ ಬೀಸ್ತೈತಿ, ಮಧ್ಯಾಹ್ನ ತಿರುಗ್ತೈತಿ. ಮುಂಜಾನೆ ಸಮುದ್ರ ಕನ್ನಡಿಯಂಗ ಶಾಂತ ಕಾಣಸ್ತೈತಿ, ನೀವು ಹಿಡಕಲ್‌ನಾಗ ನೋಡಿದಂಗ, ಆದ್ರ ಆ ಹೊತ್ತಿನ ಗಾಳಿ ನಿಮ್ಮನ್ನ ಒಳಗೊಳಗ ತಗೊಂಡು ಹೋಗೂದು.

ಇನ್ನ ಇನ್‌ರೀಚ್, ಗಾರ್ಮಿನ್ ಕಂಪನಿಯವ್ರ ಸ್ಯಾಟಲೈಟ್ ಮೆಸೇಜ್ ಡಿವೈಸ್. ಮೆಸೇಜ್ ಕಳಸ್ಬಹುದು, ಮನಿಯವ್ರಿಗೆ ಲೊಕೇಶನ್ ತೋರಸ್ಬಹುದು, ಬ್ಯಾರೆ ದೇಶದಾಗ ಕಯಾಕಿನವ್ರು ಭಾಳ ಇಷ್ಟಪಡ್ತಾರ. ನಮ್ಮಲ್ಲಿ ತೊಂದ್ರಿ ಏನಂದ್ರ ಅದು ಇರಿಡಿಯಂ ಸ್ಯಾಟಲೈಟ್ ಮ್ಯಾಲ ನಡ್ಯೋದು, ಟೆಲಿಕಾಂ ಇಲಾಖೆ ಪರ್ಮಿಶನ್ ಇಲ್ಲದ ಇಟ್ಕೊಳ್ಳೋಹಂಗಿಲ್ಲ. 2024ರ ಡಿಸೆಂಬರ್‌ನಾಗ ಇಲ್ಲೇ ಗೋವಾ ಏರ್‌ಪೋರ್ಟಿನ್ಯಾಗ ಕೆನಡಾದಿಂದ ಬಂದಾಕಿ ಒಬ್ಬಾಕಿನ್ನ ಇದೇ ಡಿವೈಸ್ ಸಲುವಾಗಿ ಹಿಡದಿದ್ರು. ಅದರಾಗ ಕಾರವಾರ ನೌಕಾನೆಲೆ ಇರೋ ಊರು, ಅಲ್ಲಿ ಇದನ್ನ ಹಿಡ್ಕೊಂಡು ತಿರುಗೋದು ನನಗಂತೂ ಶಾಣ್ಯಾತನ ಅನ್ನಸಂಗಿಲ್ಲ. ಅಮೆರಿಕಾದ ಅಣ್ಣ ತರ್ತಾನ ಅಂತ ಆಸೆ ಇಟ್ಕೊಂಡಿದ್ರ ಬಿಡ್ರಿ.

ಪಿಎಲ್‌ಬಿ ಹೆಂಗ ಕೆಲಸ ಮಾಡ್ತೈತಿ ನೋಡ್ರಿ. ಆಂಟೆನಾ ಬಿಚ್ಚಿ ಗುಂಡಿ ಒತ್ತಿದ್ರ 406 ಮೆಗಾಹರ್ಟ್ಜ್‌ನಾಗ ಸುಮಾರು 50 ಸೆಕೆಂಡಿಗೊಮ್ಮೆ ಸಿಗ್ನಲ್ ಹೋಗ್ತೈತಿ, ಕಾಸ್ಪಾಸ್-ಸಾರ್ಸಾಟ್ ಅನ್ನೋ ಅಂತರರಾಷ್ಟ್ರೀಯ ವ್ಯವಸ್ಥಾದ ಸ್ಯಾಟಲೈಟ್‌ಗಳು ಅದನ್ನ ಹಿಡೀತಾವ, 1982ರಿಂದ ಜೀವಾ ಉಳಸ್ಕೊಂತ ಬಂದೈತಿ ಇದು, ಸಬ್‌ಸ್ಕ್ರಿಪ್ಶನ್ ಏನೂ ಇಲ್ಲ. ನಮ್ಮ ದೇಶದಾಗ ಆ ಸಿಗ್ನಲ್ ಬಂದು ಬೀಳೋದು ಎಲ್ಲಿ ಗೊತ್ತೇನು, ಬೆಂಗಳೂರಾಗ, ಇಸ್ರೋ ನಡಸೋ ಮಿಷನ್ ಕಂಟ್ರೋಲ್ ಸೆಂಟರ್‌ನಾಗ. ಅಲ್ಲಿಂದ ಕೋಸ್ಟ್ ಗಾರ್ಡಿನ ಮುಂಬೈ ರೆಸ್ಕ್ಯೂ ಸೆಂಟರಿಗೆ, ಅಲ್ಲಿಂದ ಹಡಗೋ ಹೆಲಿಕಾಪ್ಟರೋ ಹೊಂಡ್ತೈತಿ. ಹತ್ರ ಬಂದವ್ರು ಹುಡುಕಾಕ 121.5 ಮೆಗಾಹರ್ಟ್ಜ್‌ನಾಗ ಇನ್ನೊಂದು ಸಣ್ಣ ಸಿಗ್ನಲ್ಲೂ ಇರ್ತೈತಿ. ಹಳೇ 121.5 ಮಾತ್ರ ಇರೋ ಬೀಕನ್ ಯಾರರ ಅಗ್ಗದಾಗ ಕೊಟ್ರ ಮುಟ್ಟಬ್ಯಾಡ್ರಿ, ಸ್ಯಾಟಲೈಟ್‌ಗಳು ಅದನ್ನ ಕೇಳೋದು 2009ರಾಗೇ ಬಿಟ್ಟಾವ.

ಅಂಗಡಿಯಾಗ ಏನು ನೋಡ್ಬೇಕು? ಒಂದು, ಒಳಗ ಜಿಪಿಎಸ್ ಇರ್ಬೇಕು, ಇದ್ರ ನೂರು ಮೀಟರಿನಾಸುಪಾಸು ಜಾಗ ಸಿಗ್ತೈತಿ, ಇಲ್ಲಂದ್ರ ಕಿಲೋಮೀಟರ್‌ಗಟ್ಟಲೆ ಹುಡುಕಾಟ. ತೇಲ್ತೈತೇನು ಕೇಳ್ರಿ, ಓಶನ್ ಸಿಗ್ನಲ್ ಪಿಎಲ್‌ಬಿ1 ಬರೇ 116 ಗ್ರಾಂ, ಆದ್ರ ಜೋಡಿ ಬರೋ ಪೌಚ್ ಇಲ್ಲದ ತೇಲಂಗಿಲ್ಲ, ಎಸಿಆರ್ ರೆಸ್ಕ್ಯೂಲಿಂಕ್ 400 ತಾನ ತೇಲ್ತೈತಿ. ತೇಲ್ಲಿ ಬಿಡ್ಲಿ, ದಾರ ಹಾಕಿ ಜಾಕೆಟ್ಟಿಗೆ ಕಟ್ಟೋದು ತಪ್ಪಂಗಿಲ್ಲ. ರಿಟರ್ನ್ ಲಿಂಕ್ ಇರೋ ಹೊಸ ಮಾಡೆಲ್‌ನಾಗ ನಿಮ್ಮ ಸಿಗ್ನಲ್ ಮುಟ್ಟೈತಿ ಅಂತ ಲೈಟ್ ಹತ್ತತೈತಿ, ನೀರಾಗ ಒಬ್ಬನ ತೇಲ್ಕೊಂತ ಕುಂತಾವಂಗ ಅದರಷ್ಟು ಧೈರ್ಯ ಇನ್ನೊಂದಿಲ್ಲ, ಬಜೆಟ್ ಇದ್ರ ಅದನ್ನ ತಗೋರಿ. ಇಸ್ರೋದವ್ರು ಮೀನುಗಾರರ ಬೋಟಿಗೆ ಮಾಡಿರೋ ಎರಡನೇ ಪೀಳಿಗಿ ಡಿಎಟಿಯಾಗೂ (ಡಿಸ್ಟ್ರೆಸ್ ಅಲರ್ಟ್ ಟ್ರಾನ್ಸ್‌ಮಿಟರ್) ಹಿಂಗ ತಿರುಗಿ ಉತ್ತರ ಬರ್ತೈತಿ, ಆದ್ರ ಅದು ಬೋಟಿನ ಸಲುವಾಗಿ ಮಾಡಿದ್ದು.

ಈಗ ಎಲ್ಲಾರೂ ಮರಿಯೋ ಮಾತು, ರಿಜಿಸ್ಟ್ರೇಶನ್. ಪ್ರತಿ ಬೀಕನ್‌ಗೆ ತನ್ನದ ಒಂದು ಹೆಕ್ಸ್ ಐಡಿ (ಅಂಕಿ, ಅಕ್ಷರ ಕೂಡಿದ ಗುರುತಿನ ನಂಬರ್) ಇರ್ತೈತಿ, ಅದರೊಳಗ ದೇಶದ ಕೋಡ್ ಸೇರಿರ್ತೈತಿ, ನಮ್ಮದು 419. ಬ್ಯಾರೆ ದೇಶದ ಕೋಡ್ ಇರೋ ಪಿಎಲ್‌ಬಿ ಇಲ್ಲಿ ಒತ್ತಿದ್ರೂ ಸಿಗ್ನಲ್ ಹೋಗ್ತೈತಿ, ಆದ್ರ ನೀವು ಯಾರು, ಮನಿ ನಂಬರ್ ಏನು ಅಂತ ಆ ದೇಶದವ್ರನ್ನ ಕೇಳ್ಬೇಕು. ಹಿಂಗಾಗಿ ಇಲ್ಲಿನ ಮರೈನ್ ಸಾಮಾನಿನ ಡೀಲರ್ ಕಡೆನ ಇಂಡಿಯಾ ಕೋಡ್ ಹಾಕ್ಸಿ, ಇದು ರೇಡಿಯೋ ಸಾಮಾನು ಆದ್ದರಿಂದ ಲೈಸೆನ್ಸ್ ಕಾಗದ ಏನು ಬೇಕು ಅದನ್ನೂ ಕೇಳಿ ತಗೋರಿ, ಆಮ್ಯಾಲ ಬೆಂಗಳೂರಿನ ಅದೇ ಸೆಂಟರ್‌ನಾಗ ರಿಜಿಸ್ಟರ್ ಮಾಡಸ್ರಿ. ಎಮರ್ಜೆನ್ಸಿ ನಂಬರ್ ನಿಮ್ಮ ಜೋಡಿ ಕಯಾಕ್‌ನಾಗ ಇರೋ ದೋಸ್ತನದ್ದು ಕೊಡಬ್ಯಾಡ್ರಿ! ಮನ್ಯಾಗ ಇರೋರದ್ದು ಕೊಡ್ರಿ, ಎಲ್ಲಿಂದ ಎಲ್ಲಿಗೆ ಹೊಂಟೀವಿ, ಯಾವಾಗ ದಂಡಿ ಮುಟ್ತೀವಿ ಅಂತ ಅವ್ರಿಗೆ ಹೇಳಿ ಹೋಗ್ರಿ.

ಬಳಸೋದನ್ನ ಹಿಡಕಲ್‌ನಾಗ ಪ್ರ್ಯಾಕ್ಟೀಸ್ ಮಾಡ್ರಿ, ಗುಂಡಿ ಒತ್ತದ. ನೀರಾಗ ಬಿದ್ದು, ಒದ್ದಿ ಕೈಲೆ ಪೌಚ್ ತಗಿಯೋದು, ಒಂದು ಕೈಯಾಗ ಕಯಾಕ್ ಹಿಡ್ಕೊಂಡು ಇನ್ನೊಂದು ಕೈಯಾಗ ಬೀಕನ್ ಹಿಡಿಯೋದು, ಅಷ್ಟ. ಆಂಟೆನಾ ಸೀದಾ ಆಕಾಶಕ್ಕ ನಿಲ್ಬೇಕು, ಜಿಪಿಎಸ್ ಇರೋ ಜಾಗದ ಮ್ಯಾಲ ಬೆರಳು ಬರಬಾರ್ದು, ನೀರಿನ ಮ್ಯಾಲ ಅಡ್ಡ ಬಿಟ್ರ ಸಿಗ್ನಲ್ ಸರಿಯಾಗಿ ಹೋಗಂಗಿಲ್ಲ. ಕೈ ಸೋಲ್ತೈತಿ, ಅದಕ್ಕ ಮಗುಚಿದ ಕಯಾಕ್ ಕೈಗೆ ಸಿಕ್ಕಿದ್ರ ಅದರ ಮ್ಯಾಲ ಹತ್ತಿ ಹಿಡೀರಿ. ಸೆಲ್ಫ್ ಟೆಸ್ಟ್ ತಿಂಗಳಿಗೆ ಒಂದಕ್ಕಿಂತ ಜಾಸ್ತಿ ಬ್ಯಾಡ, ಬ್ಯಾಟರಿ ತಿಂತೈತಿ.

ಐದು ತಗೊಳ್ಳೋ ಶಕ್ತಿ ಇಲ್ಲಂದ್ರ ಎರಡಾದ್ರೂ ಇರಲಿ, ಎಲ್ಲಾರಕಿಂತ ಮುಂದ ಹೋಗಾವನ ಹತ್ರ ಒಂದು, ಕಡೀಕ ಬರಾವನ ಹತ್ರ ಒಂದು. ದಂಡಿ ಹತ್ರ ಮೊಬೈಲ್ ರೇಂಜ್ ಇದ್ರ ಮೊದಲು ಕೋಸ್ಟ್ ಗಾರ್ಡಿನ 1554ಕ್ಕ ಫೋನ್ ಹಚ್ರಿ, ಮಾತಾಡಿ ಹೇಳಿದಷ್ಟು ಬೀಕನ್ ಹೇಳಂಗಿಲ್ಲ. ಅಪ್ಪಿತಪ್ಪಿ ಬೀಕನ್ ಆನ್ ಆದ್ರೂ ಅಷ್ಟ, ಬಂದ್ ಮಾಡಿ ಅದೇ ನಂಬರಿಗೆ ಹೇಳ್ರಿ, ಸುಮ್ನ ಬಾಯಿ ಮುಚ್ಕೊಂಡು ಕುಂದ್ರಬ್ಯಾಡ್ರಿ, ಅಲ್ಲಿ ಹಡಗು ಹೊಂಟಿರ್ತೈತಿ.