ನೆರೆಗೆ ಕಟ್ಟಿಟ್ಟ ಚೀಲ ಕಳ್ಳರ ಪಾಲಾಗದಿರಲಿ

2018ರ ಆಗಸ್ಟ್‌ನಲ್ಲಿ ಕೊಡಗು, ಮರುವರ್ಷ ಅದೇ ತಿಂಗಳು ಬೆಳಗಾವಿ, ಬಾಗಲಕೋಟೆ. ನೆರೆ ಬರುವ ಊರುಗಳಲ್ಲಿ ಮಳೆಗಾಲಕ್ಕೆ ಮೊದಲೇ ಕಾಗದಪತ್ರವನ್ನೆಲ್ಲ ಒಂದು ಚೀಲಕ್ಕೆ ಹಾಕಿಡಬೇಕು, ನಿಜ. ಆದರೆ ಆಧಾರ್, ಪಾಸ್‌ಬುಕ್, ಎಟಿಎಂ ಕಾರ್ಡು, ಅದರ ಪಿನ್ ಬರೆದ ಚೀಟಿ ಎಲ್ಲವೂ ಅದರಲ್ಲೇ ಇದ್ದು, ಕಾಳಜಿ ಕೇಂದ್ರದ ಗದ್ದಲದಲ್ಲಿ ಚೀಲ ಕಳೆದರೆ ನೀರಿನಿಂದ ಉಳಿದದ್ದೂ ಹೋಯಿತು.

ಎರಡು ಜಿಪ್ ಕವರ್ ಮಾಡಿ. ಮೂಲ ದಾಖಲೆಗಳದ್ದು ಸೊಂಟದ ಚೀಲದಲ್ಲಿ ಮೈಮೇಲೇ ಇರಲಿ. ಇನ್ನೊಂದರಲ್ಲಿ ಕೇಳಿದವರಿಗೆ ಕೊಡುವ ಜೆರಾಕ್ಸ್: ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಐದು ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟ, ಪಹಣಿ. ‘ಮನೆ ಹಾನಿ ಪರಿಹಾರಕ್ಕೆ ಮಾತ್ರ’ ಎಂದು ತಾರೀಖು ಸಮೇತ ಫೋಟೊದ ಅಂಚು ದಾಟುವಂತೆ ಅಡ್ಡಲಾಗಿ ಬರೆಯಿರಿ. ಮೂಲೆಯಲ್ಲಿ ಬರೆದರೆ ಆ ತುದಿ ಮುಚ್ಚಿ ಮತ್ತೆ ಜೆರಾಕ್ಸ್ ತೆಗೆಯುವುದು ಸುಲಭ.

ಪೆನ್‌ಡ್ರೈವ್‌ನಲ್ಲಿರುವ ಇ-ಆಧಾರ್‌ಗೆ (ಡೌನ್‌ಲೋಡ್ ಮಾಡಿದ ಆಧಾರ್ ಫೈಲ್) ಪಾಸ್‌ವರ್ಡ್ ಇದೆಯಲ್ಲ ಎಂದು ನಂಬಿ ಕೂರಬೇಡಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಹುಟ್ಟಿದ ವರ್ಷ, ಅಷ್ಟೇ ಅದು. ಎರಡೂ ಪಕ್ಕದ ಜೆರಾಕ್ಸ್‌ನಲ್ಲೇ ಇರುತ್ತವೆ. ಬೇರೆ ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಮಾಡಿಡಿ.

ಫೋನ್ ಲಾಕ್ ಇದ್ದರೂ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಒಟಿಪಿ ಅಲ್ಲಿಗೆ ಬರುತ್ತದೆ. ತಡೆಯುವುದು ಸಿಮ್ ಪಿನ್, ಅಂದರೆ ಸಿಮ್‌ಗೇ ಹಾಕುವ ಗುಟ್ಟಿನ ಸಂಖ್ಯೆ. ಮೂರು ಸಲ ತಪ್ಪಿದರೆ ಸಿಮ್ ಮತ್ತೆ ತೆರೆಯಲು ಪಿಯುಕೆ ಎಂಬ 8 ಅಂಕಿಯ ಸಂಖ್ಯೆ ಬೇಕು; ಅದನ್ನೂ 10 ಸಲ ತಪ್ಪಿದರೆ ಸಿಮ್ ಸತ್ತಂತೆ. ಪಿಯುಕೆಯನ್ನು ಊರಾಚೆಯ ನಂಬಿಕಸ್ಥ ನೆಂಟರ ಬಳಿ ಬರೆಸಿಡಿ.

ಆಧಾರ್‌ನ ಬಯೊಮೆಟ್ರಿಕ್ (ಬೆರಳಚ್ಚು ಇತ್ಯಾದಿ) ಲಾಕ್ ವಿಷಯದಲ್ಲಿ ಮಾತ್ರ ಎರಡು ಸಲ ಯೋಚಿಸಿ. ಬೇರೆಯವರು ನಿಮ್ಮ ಬೆರಳಚ್ಚಿನ ಹೆಸರಲ್ಲಿ ಹಣ ತೆಗೆಯದಂತೆ ಅದು ಕಾಯುತ್ತದೆ. ಆದರೆ ರೇಷನ್ ಅಂಗಡಿಯ ಯಂತ್ರಕ್ಕೂ ಬೆರಳೇ ಬೇಕು, ಊರಲ್ಲೇ ಬ್ಯಾಂಕ್ ಕೆಲಸ ಮಾಡಿಕೊಡುವ ಬ್ಯಾಂಕ್ ಮಿತ್ರರಿಂದ ಹಣ ಪಡೆಯಲೂ ಬೆರಳೇ ಬೇಕು. ಟವರ್ ಬಿದ್ದಿದ್ದರೆ ಲಾಕ್ ತೆಗೆಯಲು ಒಟಿಪಿಯೂ ಬಾರದು. ಹಾಗಾಗಿ ರೇಷನ್ ಕಾರ್ಡಿನಲ್ಲಿರುವ ಒಬ್ಬರದನ್ನು ಲಾಕ್ ಮಾಡದೆ ಬಿಡಿ, ಆಧಾರ್ ಜೋಡಿಸಿದ ಅವರ ಖಾತೆಯಲ್ಲಿ ಒಂದೆರಡು ಸಾವಿರ ಮಾತ್ರ ಇರಲಿ. ಉಳಿದವರದೆಲ್ಲ ಲಾಕ್ ಇರಲಿ. ಆದರೂ ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆ ಸಂಖ್ಯೆ ಫೋನಿನಲ್ಲಿ ಮಾತ್ರವಲ್ಲ, ಸೊಂಟದ ಕವರಿನೊಳಗೂ ಬರೆದಿರಲಿ.