ಲಂಡನ್ನೋ, ಶೆಫೀಲ್ಡೋ? ರ್‍ಯಾಂಕ್ ಪಟ್ಟಿಯಲ್ಲಿ ಸಿಗದ ಲೆಕ್ಕ

ಪ್ರಶ್ನೆ: ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಮುಗಿಸಿದ್ದೇನೆ. ಬ್ರಿಟನ್ನಿನಲ್ಲಿ ಡೇಟಾ ಸೈನ್ಸ್ ಎಂ.ಎಸ್ಸಿ. ಮಾಡಲು 2026ರ ಸೆಪ್ಟೆಂಬರ್‌ಗೆ ಎರಡು ಆಫರ್ ಬಂದಿವೆ. ಒಂದು ಲಂಡನ್ನಿನದು, ವಿಶ್ವ ರ್‍ಯಾಂಕಿಂಗ್‌ನಲ್ಲಿ ಮೇಲಿದೆ. ಇನ್ನೊಂದು ಶೆಫೀಲ್ಡಿನದು, ಪಟ್ಟಿಯಲ್ಲಿ ಕೆಳಗಿದೆ, ಶುಲ್ಕವೂ ಕಡಿಮೆ. ಅಪ್ಪ ಮನೆ ಅಡವಿಟ್ಟು ಸಾಲ ಮಾಡಬೇಕು. ರ್‍ಯಾಂಕ್ ನೋಡಿಕೊಂಡು ಹೋಗಿ ಎಂದು ಕನ್ಸಲ್ಟೆನ್ಸಿಯವರು ಹೇಳುತ್ತಿದ್ದಾರೆ. ಯಾವುದನ್ನು ಆರಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಅಡವಿಡಬೇಕಾದ ಮನೆಯ ಮೇಲೆ. ಕನ್ಸಲ್ಟೆನ್ಸಿಯವರ ಕಣ್ಣಿಗೆ ಅದು ಬಿದ್ದಂತಿಲ್ಲ. ಅವರನ್ನು ದೂರಿ ಫಲವಿಲ್ಲ. ನೀವು ಸೇರಿದರೆ ಅವರಿಗೆ ವಿಶ್ವವಿದ್ಯಾಲಯದಿಂದ ಕಮಿಷನ್ ಬರುತ್ತದೆ, ಸಾಮಾನ್ಯವಾಗಿ ನಿಮ್ಮ ಶುಲ್ಕದಲ್ಲಿ ಇಂತಿಷ್ಟು ಪಾಲೆಂದು. ಇದನ್ನು ನೆನಪಿನಲ್ಲಿಟ್ಟುಕೊಂಡು ಅವರ ಸಲಹೆ ಕೇಳಿ, ಸಾಕು.

ಈಗ ರ್‍ಯಾಂಕಿನ ವಿಷಯ. ಜಗತ್ತಿನ ವಿಶ್ವವಿದ್ಯಾಲಯಗಳಿಗೆ ರ್‍ಯಾಂಕ್ ಕೊಡುವ ಕ್ಯೂಎಸ್ ಪಟ್ಟಿಯನ್ನೇ ನೋಡೋಣ. ಅದರಲ್ಲಿ ನೂರಕ್ಕೆ 30 ಅಂಕ ಬರುವುದು ವಿದ್ವಾಂಸರ ನಡುವಿನ ಹೆಸರಿನಿಂದ. ಅಂದರೆ ಬೇರೆ ಬೇರೆ ದೇಶಗಳ ಪ್ರಾಧ್ಯಾಪಕರು ಯಾವ ವಿಶ್ವವಿದ್ಯಾಲಯವನ್ನು ಒಳ್ಳೆಯದೆಂದು ಹೇಳುತ್ತಾರೆ ಎನ್ನುವುದರಿಂದ. 20 ಅಂಕ ಸಂಶೋಧನಾ ಲೇಖನಗಳನ್ನು ಇತರರು ಎಷ್ಟು ಉಲ್ಲೇಖಿಸಿದ್ದಾರೆ ಎನ್ನುವುದಕ್ಕೆ, 15 ಉದ್ಯೋಗದಾತರ ಅಭಿಪ್ರಾಯಕ್ಕೆ. ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಅನುಪಾತಕ್ಕೆ ಇರುವುದು 10 ಅಂಕ, ಅದೂ ಇಡೀ ವಿಶ್ವವಿದ್ಯಾಲಯದ ಸರಾಸರಿ. ನಿಮ್ಮ ತರಗತಿಯಲ್ಲಿ 40 ಜನ ಕೂರುತ್ತಾರೋ 300 ಜನ ಕೂರುತ್ತಾರೋ, ಪ್ರಬಂಧದ ಮಾರ್ಗದರ್ಶಕರು ನಿಮ್ಮ ಇಮೇಲ್‌ಗೆ ಉತ್ತರ ಬರೆಯುತ್ತಾರೋ ಇಲ್ಲವೋ, ಪಟ್ಟಿಗೆ ತಿಳಿಯದು. ಪಿಎಚ್.ಡಿ. ಮಾಡುವವರಿಗೆ ಈ ಅಂಕಗಳು ಒಂದಿಷ್ಟು ದಾರಿ ತೋರಿಸಬಹುದು. ನೀವು ಕೊಳ್ಳುತ್ತಿರುವುದು ಒಂದು ವಿಭಾಗದ ಹನ್ನೆರಡು ತಿಂಗಳನ್ನು.

ಒಂದು ಕಡೆ ಮಾತ್ರ ರ್‍ಯಾಂಕ್ ನಿಜವಾಗಿಯೂ ಲೆಕ್ಕಕ್ಕೆ ಬರುತ್ತದೆ: ವಿದ್ಯಾರ್ಥಿವೇತನ ಕೊಡುವವರು ಅದನ್ನು ಕೇಳಿದಾಗ. ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ನ ನಿಯಮದಲ್ಲಿ ಕ್ಯೂಎಸ್ ಪಟ್ಟಿಯ ಮೊದಲ 500ರ ಷರತ್ತು ಇದೆ. ಅಂಥ ನೆರವಿಗೆ ನೀವು ಅರ್ಹರಾಗಿದ್ದರೆ ಆ ನಿಯಮವನ್ನು ಮೊದಲು ಓದಿ.

ಹೋಗಲಿ, ನೀವು ಶೆಫೀಲ್ಡ್ ಎಂದಷ್ಟೇ ಬರೆದಿದ್ದೀರಿ. ಯಾವ ಶೆಫೀಲ್ಡ್? ಆ ಊರಿನಲ್ಲಿ ಯೂನಿವರ್ಸಿಟಿ ಆಫ್ ಶೆಫೀಲ್ಡ್ ಒಂದು, ಶೆಫೀಲ್ಡ್ ಹ್ಯಾಲಂ ಯೂನಿವರ್ಸಿಟಿ ಇನ್ನೊಂದು. ಬ್ರಿಟನ್ನಿನ ದೊಡ್ಡ ಊರುಗಳಲ್ಲಿ ಈ ಜೋಡಿ ಸಾಮಾನ್ಯ: ಲೀಡ್ಸ್ ಮತ್ತು ಲೀಡ್ಸ್ ಬೆಕೆಟ್, ನಾಟಿಂಗ್‌ಹ್ಯಾಂ ಮತ್ತು ನಾಟಿಂಗ್‌ಹ್ಯಾಂ ಟ್ರೆಂಟ್, ಮ್ಯಾಂಚೆಸ್ಟರ್ ಮತ್ತು ಮ್ಯಾಂಚೆಸ್ಟರ್ ಮೆಟ್ರೊಪಾಲಿಟನ್. ಎರಡನೆಯವು ಬಹುಪಾಲು ಹಳೆಯ ಪಾಲಿಟೆಕ್ನಿಕ್‌ಗಳು. 1992ರ ಕಾಯ್ದೆಯಿಂದ ವಿಶ್ವವಿದ್ಯಾಲಯಗಳಾದವು. ಪಾಲಿಟೆಕ್ನಿಕ್ ಎಂದ ಕೂಡಲೇ ನಮ್ಮವರು ಮೂಗು ಮುರಿಯುತ್ತಾರೆ. ಮುರಿಯಬೇಕಿಲ್ಲ, ಪ್ರಾಯೋಗಿಕ ಕೆಲಸಕ್ಕೂ ಉದ್ಯಮಕ್ಕೂ ಹತ್ತಿರವಿರುವ ಕೋರ್ಸ್‌ಗಳು ಅಲ್ಲಿ ಹಲವು ಇವೆ. ಆದರೆ ಯಾವುದಕ್ಕೆ ದುಡ್ಡು ಕಟ್ಟುತ್ತಿದ್ದೇವೆ ಎನ್ನುವುದಾದರೂ ಗೊತ್ತಿರಬೇಕಲ್ಲ. ಲಂಡನ್ನಿನ ಆಫರನ್ನೂ ಹೀಗೆಯೇ ಬಿಡಿಸಿ ನೋಡಿ. ಬೇರೆ ಊರಿನ ಕೆಲವು ವಿಶ್ವವಿದ್ಯಾಲಯಗಳು ಲಂಡನ್ನಿನಲ್ಲಿ ಕ್ಯಾಂಪಸ್ ಇಟ್ಟುಕೊಂಡಿವೆ. ಮುಖ್ಯ ಕ್ಯಾಂಪಸ್ಸಿನ ಗ್ರಂಥಾಲಯ, ಪ್ರಯೋಗಾಲಯ, ಅಧ್ಯಾಪಕರು ಎಲ್ಲರೂ ಅಲ್ಲಿಯೂ ಇರುತ್ತಾರೆ ಎಂದುಕೊಳ್ಳಬೇಡಿ.

'ರಸೆಲ್ ಗ್ರೂಪ್' ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಅದನ್ನು ಇಲ್ಲಿ ನಮ್ಮ ಐಐಟಿಗಳಿಗೆ ಹೋಲಿಸಿ ಹೇಳುವವರಿದ್ದಾರೆ. ಅದು ಸರ್ಕಾರ ಕೊಟ್ಟ ದರ್ಜೆಯಲ್ಲ. ಸಂಶೋಧನೆಗೆ ಒತ್ತು ಕೊಡುವ ವಿಶ್ವವಿದ್ಯಾಲಯಗಳು 1994ರಲ್ಲಿ ತಾವಾಗಿಯೇ ಕಟ್ಟಿಕೊಂಡ ಕೂಟ; ಲಂಡನ್ನಿನ ಹೋಟೆಲ್ ರಸೆಲ್‌ನಲ್ಲಿ ಸಭೆ ಸೇರುತ್ತಿದ್ದುದರಿಂದ ಆ ಹೆಸರು ಬಂತು. ಈಗ 24 ಸದಸ್ಯರಿದ್ದಾರೆ. ಯೂನಿವರ್ಸಿಟಿ ಆಫ್ ಶೆಫೀಲ್ಡ್ ಅದರೊಳಗಿದೆ. ಸೇಂಟ್ ಆಂಡ್ರೂಸ್, ಬಾತ್, ಲಫ್‌ಬರೊ ಹೊರಗಿವೆ, ಹೊರಗಿದ್ದುಕೊಂಡೇ ಒಳ್ಳೆಯ ಹೆಸರು ಉಳಿಸಿಕೊಂಡಿವೆ.

ಇನ್ನು ನಿಜವಾದ ಪರೀಕ್ಷೆ. ಎರಡೂ ಕೋರ್ಸ್‌ಗಳ ಮಾಡ್ಯೂಲ್‌ಗಳ, ಅಂದರೆ ಪಾಠದ ವಿಷಯಗಳ, ಪಟ್ಟಿಯನ್ನು ಅಕ್ಕಪಕ್ಕ ಇಟ್ಟುಕೊಂಡು ಕುಳಿತುಕೊಳ್ಳಿ. ಬ್ರಿಟನ್ನಿನ ಎಂ.ಎಸ್ಸಿ.ಗೆ 180 ಕ್ರೆಡಿಟ್. ಸಾಮಾನ್ಯವಾಗಿ 120 ತರಗತಿಯ ಪಾಠಕ್ಕೆ, 60 ಬೇಸಿಗೆಯಲ್ಲಿ ಬರೆಯುವ ಪ್ರಬಂಧಕ್ಕೆ. ಆ 120ರಲ್ಲಿ ನೀವು ಬಿ.ಇ.ಯಲ್ಲಿ ಆಗಲೇ ಕಲಿತದ್ದು ಎಷ್ಟಿದೆ ಎಂದು ಗುರುತು ಹಾಕಿ. ಏಕೆ ಹೇಳುತ್ತಿದ್ದೇನೆಂದರೆ, ಬ್ರಿಟನ್ನಿನಲ್ಲಿ 'ಕನ್ವರ್ಷನ್' ಎಂ.ಎಸ್ಸಿ. ಎಂಬ ಬಗೆಯೊಂದಿದೆ. ಇತಿಹಾಸವನ್ನೋ ಜೀವಶಾಸ್ತ್ರವನ್ನೋ ಓದಿದವರು ಕಂಪ್ಯೂಟರ್ ಕ್ಷೇತ್ರಕ್ಕೆ ದಾಟಲು ಅದು ಒಳ್ಳೆಯ ಸೇತುವೆ. ನನ್ನ ತಂಗಿಯ ಮಗ ಕಂಪ್ಯೂಟರ್ ಸೈನ್ಸ್‌ನಲ್ಲಿಯೇ ಬಿ.ಇ. ಮಾಡಿ, ರ್‍ಯಾಂಕ್ ನೋಡಿ, ಮಾಡ್ಯೂಲ್ ನೋಡದೆ ಅಂಥದೊಂದು ಕೋರ್ಸಿಗೆ ಸೇರಿಕೊಂಡ. ಮೊದಲ ತಿಂಗಳು ಅವನಿಗೆ ಪೈಥಾನಿನಲ್ಲಿ ಲೂಪ್ ಬರೆಯುವುದನ್ನು ಹೇಳಿಕೊಟ್ಟರು. ಬಿ.ಇ.ಯ ಮೂರನೆಯ ಸೆಮಿಸ್ಟರಿನಲ್ಲಿ ಕಲಿತದ್ದನ್ನೇ ಪೌಂಡ್ ತೆತ್ತು ಮತ್ತೊಮ್ಮೆ ಕಲಿತ. ವಿಶ್ವವಿದ್ಯಾಲಯ ಮೋಸ ಮಾಡಿರಲಿಲ್ಲ. ಕೋರ್ಸ್ ಯಾರಿಗಾಗಿ ಎಂದು ಪ್ರವೇಶಾರ್ಹತೆಯ ಸಾಲಿನಲ್ಲಿ ಬರೆದೇ ಇತ್ತು. 'ಯಾವ ವಿಷಯದ ಪದವೀಧರರಾದರೂ ಸರಿ' ಎಂದು ನಿಮ್ಮ ಕೋರ್ಸಿನ ಪುಟದಲ್ಲಿ ಕಂಡರೆ ಅಲ್ಲಿಯೇ ನಿಂತು ಯೋಚಿಸಿ.

ಹಣಕ್ಕೆ ಬರೋಣ. 2025ರ ನವೆಂಬರ್‌ನಿಂದ ಜಾರಿಯಾದ ವೀಸಾ ನಿಯಮದ ಪ್ರಕಾರ ಲಂಡನ್ನಿನಲ್ಲಿ ಓದುವವರು ಜೀವನ ವೆಚ್ಚಕ್ಕೆ ತಿಂಗಳಿಗೆ 1,529 ಪೌಂಡ್, ಹೊರಗೆ ಓದುವವರು 1,171 ಪೌಂಡ್, ಹೀಗೆ ಒಂಬತ್ತು ತಿಂಗಳಿಗೆ ತೋರಿಸಬೇಕು. ಅಂದರೆ 13,761 ಮತ್ತು 10,539. ಉಳಿದಿರುವ ಶುಲ್ಕವೂ ಸೇರಿ ಆ ಮೊತ್ತ ಖಾತೆಯಲ್ಲಿ ಸತತ 28 ದಿನ ಅಲುಗಾಡದೆ ಇರಬೇಕು. ಬ್ಯಾಂಕಿನ ಶಿಕ್ಷಣ ಸಾಲವಾದರೆ ನಿಯಮಕ್ಕೆ ಹೊಂದುವ ಮಂಜೂರಾತಿ ಪತ್ರ ಸಾಕು. ಎರಡರ ನಡುವಿನ ಅಂತರ 3,222 ಪೌಂಡ್. ಪೌಂಡಿಗೆ 115 ರೂಪಾಯಿ ಎಂದು ಹಿಡಿದರೂ ಸುಮಾರು 3 ಲಕ್ಷ 70 ಸಾವಿರ. ಇದು ಕಾಗದದ ಮೇಲಿನ ಒಂಬತ್ತು ತಿಂಗಳ ಲೆಕ್ಕ, ನೀವು ಅಲ್ಲಿ ಇರುವುದು ಹನ್ನೆರಡು ತಿಂಗಳು. ಎಲ್ಲಿ ಓದಿದರೂ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗಾಗಿ ವೀಸಾದ ಜೊತೆ ಕಟ್ಟುವ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್. ವೀಸಾ ಕೋರ್ಸಿಗಿಂತ ಕೆಲವು ತಿಂಗಳು ಉದ್ದವಿರುವುದರಿಂದ ಒಂದು ವರ್ಷದ ಎಂ.ಎಸ್ಸಿ.ಗೆ ಅದು 1,164 ಆಗುತ್ತದೆ, ಮುಂಗಡವಾಗಿಯೇ ಕಟ್ಟಬೇಕು.

ಪಾರ್ಟ್ ಟೈಂ ಕೆಲಸ ಮಾಡಿ ಸರಿದೂಗಿಸುತ್ತೇನೆ ಎಂಬ ಲೆಕ್ಕವನ್ನು ಅಪ್ಪನ ಮುಂದೆ ಇಡಬೇಡಿ. ಪಾಠ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಕೆಲಸ ಸಿಕ್ಕರೆ ದಿನಸಿಗೂ ಬಸ್ಸಿಗೂ ಆದೀತು. ಶುಲ್ಕಕ್ಕೆ ಖಂಡಿತ ಆಗದು.

ಲಂಡನ್ನಿನ ಪರವಾಗಿಯೂ ಒಂದು ಗಟ್ಟಿ ಮಾತಿದೆ, ಅದನ್ನು ಮುಚ್ಚಿಟ್ಟರೆ ಅನ್ಯಾಯವಾಗುತ್ತದೆ. ಓದಿದ ಮೇಲೆ ಅಲ್ಲಿಯೇ ಉಳಿದು ಕೆಲಸ ಹುಡುಕಲು ಕೊಡುವ ಗ್ರಾಜುಯೇಟ್ ವೀಸಾ ಈವರೆಗೆ ಎರಡು ವರ್ಷದ್ದಾಗಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ, ಪಿಎಚ್.ಡಿ.ಯವರನ್ನು ಬಿಟ್ಟರೆ, ಅದು 18 ತಿಂಗಳು ಮಾತ್ರ. ನೀವು ಮುಗಿಸುವುದು 2027ರ ಶರತ್ಕಾಲಕ್ಕೆ, ಹಾಗಾಗಿ ನಿಮಗೆ ಸಿಗುವುದು 18 ತಿಂಗಳು. ಅಷ್ಟರಲ್ಲಿ ಸ್ಪಾನ್ಸರ್ ಪರವಾನಗಿ (ವಿದೇಶಿಯರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಸರ್ಕಾರ ಕೊಡುವ ಅನುಮತಿ) ಇರುವ ಕಂಪನಿಯಲ್ಲಿ ಕೆಲಸ ಹಿಡಿದು, ಉದ್ಯೋಗಕ್ಕಾಗಿ ಇರುವ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬದಲಾಗಬೇಕು. 2025ರ ಜುಲೈನಿಂದ ಅದರ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್; ಹೊಸದಾಗಿ ವೃತ್ತಿಗೆ ಇಳಿಯುವವರಿಗೆ 33,400, ಜೊತೆಗೆ ಆಯಾ ಹುದ್ದೆಗೆ ನಿಗದಿಯಾದ ದರವನ್ನೂ ನೋಡುತ್ತಾರೆ. ಈ ಮಿತಿ ದೇಶಕ್ಕೆಲ್ಲ ಒಂದೇ, ಸಂಬಳ ಮಾತ್ರ ಒಂದೇ ಅಲ್ಲ. ಲಂಡನ್ನಿನ ಸಂಬಳ ಅದನ್ನು ದಾಟುವುದು ಹೆಚ್ಚು ಸುಲಭ, ಉತ್ತರದ ಊರುಗಳಲ್ಲಿ ಏದುಸಿರು ಬರುತ್ತದೆ. ಆದರೆ ಲಂಡನ್ನಿನಲ್ಲಿ ಕೆಲಸ ಮಾಡಲು ಲಂಡನ್ನಿನಲ್ಲಿಯೇ ಓದಿರಬೇಕೆಂದಿಲ್ಲ. ಶೆಫೀಲ್ಡಿನಿಂದ ಲಂಡನ್ನಿಗೆ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಸಂದರ್ಶನಕ್ಕೆ ಹೋಗಿ ಸಂಜೆಗೆ ವಾಪಸಾಗಬಹುದು.

ಕೆಲಸದ ವಿಷಯದಲ್ಲಿ ಊರಿಗಿಂತ ಹೆಚ್ಚು ಕಾಡುವುದು ಕ್ಯಾಲೆಂಡರ್. ದೊಡ್ಡ ಕಂಪನಿಗಳು ಮುಂದಿನ ವರ್ಷದ ಹೊಸ ಪದವೀಧರರಿಗೆ ಅರ್ಜಿ ಕರೆಯುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಂದರೆ ನೀವು ಸೂಟ್‌ಕೇಸ್ ಬಿಚ್ಚುವ ಹೊತ್ತಿಗೆ. ರೆಸ್ಯೂಮೆಯನ್ನು ಇಲ್ಲಿಂದಲೇ ಸಿದ್ಧಮಾಡಿಕೊಂಡು ಹೋಗಿ. ಎರಡು ಕೋರ್ಸ್‌ಗಳಲ್ಲಿ ಒಂದಕ್ಕೆ ಕಂಪನಿಯಲ್ಲಿ ಕೆಲಸ ಮಾಡುವ ಪ್ಲೇಸ್‌ಮೆಂಟ್ ಅವಧಿ ಸೇರಿದ್ದರೆ ನನ್ನ ತಕ್ಕಡಿ ಅತ್ತ ವಾಲುತ್ತದೆ. ಆ ಪ್ಲೇಸ್‌ಮೆಂಟನ್ನು ಹುಡುಕಿಕೊಡುವವರು ಯಾರು ಎಂದು ಮಾತ್ರ ಕೇಳಿಕೊಳ್ಳಿ. ಎಷ್ಟೋ ಕಡೆ ಹುಡುಕಿಕೊಳ್ಳುವ ಹೊಣೆ ವಿದ್ಯಾರ್ಥಿಯದೇ.

ಹಾಗಾಗಿ ನನ್ನ ಉತ್ತರ: ಮಾಡ್ಯೂಲ್‌ಗಳು ಹೆಚ್ಚು ಕಡಿಮೆ ಒಂದೇ ಆಗಿದ್ದರೆ ಶೆಫೀಲ್ಡಿಗೆ ಹೋಗಿ. ಮನೆ ಅಡವಿಟ್ಟವರಿಗೆ ರ್‍ಯಾಂಕಿನ ಮೂವತ್ತು ನಲವತ್ತು ಮೆಟ್ಟಿಲುಗಳಿಗಿಂತ ಕೈಯಲ್ಲಿ ಉಳಿಯುವ ಮೂರು ನಾಲ್ಕು ಲಕ್ಷ ದೊಡ್ಡದು. ಲಂಡನ್ನಿನ ಕೋರ್ಸ್ ಕಣ್ಣಿಗೆ ಕಾಣುವಷ್ಟು ಮೇಲಾಗಿದ್ದರೆ, ಇಲ್ಲವೇ ಅಲ್ಲಿ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಸಿಕ್ಕರೆ, ಆಗ ಮತ್ತೆ ಲೆಕ್ಕ ಹಾಕಿ.

ಸೀಟು ಕಾಯ್ದಿರಿಸಲು ಮುಂಗಡವಾಗಿ ಕೊಡುವ ಡೆಪಾಸಿಟ್ ಕಟ್ಟುವ ಮೊದಲು ಎರಡೂ ಕೋರ್ಸ್‌ಗಳ ಮುಖ್ಯಸ್ಥರಿಗೆ ಒಂದೊಂದು ಇಮೇಲ್ ಬರೆಯಿರಿ. ಕಳೆದ ವರ್ಷ ತರಗತಿಯಲ್ಲಿ ಎಷ್ಟು ಜನರಿದ್ದರು? ಒಬ್ಬ ಮಾರ್ಗದರ್ಶಕರಿಗೆ ಎಷ್ಟು ವಿದ್ಯಾರ್ಥಿಗಳು? ಪಟ್ಟಿಯಲ್ಲಿರುವ ಐಚ್ಛಿಕ ಮಾಡ್ಯೂಲ್‌ಗಳೆಲ್ಲ ಈ ವರ್ಷ ನಡೆಯುತ್ತವೆಯೇ? ಕೊನೆಯ ಪ್ರಶ್ನೆ ಅತಿಯಾದ ಅನುಮಾನವಲ್ಲ. ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳು ಈಗ ಹಣದ ಮುಗ್ಗಟ್ಟಿನಲ್ಲಿವೆ. ಕಾರ್ಡಿಫ್ 2025ರ ಜನವರಿಯಲ್ಲಿ 400 ಹುದ್ದೆ ಕಡಿತದ ಪ್ರಸ್ತಾವವನ್ನೇ ಮುಂದಿಟ್ಟಿತ್ತು. ನಿಮಗೆ ಆಫರ್ ಬಂದಿರುವ ಕೋರ್ಸ್‌ಗಳಲ್ಲಿ ಈಗ ಓದುತ್ತಿರುವ ಭಾರತೀಯ ವಿದ್ಯಾರ್ಥಿಯೊಬ್ಬರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ. ಕೋರ್ಸ್ ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಬಾಡಿಗೆ ಎಷ್ಟು, ಜೊತೆಯಲ್ಲಿ ಓದಿದವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂದು ಕೇಳಿ.

ಡೆಪಾಸಿಟ್ಟಿನ ಷರತ್ತನ್ನು ಅಪ್ಪನ ಜೊತೆ ಕುಳಿತು ಓದಿ. ವೀಸಾ ನಿರಾಕರಣೆಯಾದರೆ ಹಣ ಮರಳಿಸುವುದು ವಾಡಿಕೆ; ನೀವೇ ಮನಸ್ಸು ಬದಲಿಸಿದರೆ ಸಾಮಾನ್ಯವಾಗಿ ಮರಳಿಸುವುದಿಲ್ಲ. 'ಇವತ್ತೇ ಕಟ್ಟಿಬಿಡಿ, ನಾಳೆ ಸೀಟು ಇರುವುದಿಲ್ಲ' ಎಂದು ಕನ್ಸಲ್ಟೆನ್ಸಿಯಿಂದ ಫೋನ್ ಬಂದರೆ, ಆಫರ್ ಪತ್ರದಲ್ಲಿ ಬರೆದಿರುವ ಕೊನೆಯ ದಿನಾಂಕವನ್ನು ಅವರಿಗೆ ಓದಿ ಹೇಳಿ.